ಸಂಘದ ಲೆಟರ್‌ಹೆಡ್ಡು, ನಾಗರಿಕನ ಸಹಿ

2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಬೆಳಗಾವಿ ಜಿಲ್ಲೆಯ ಮೂಡಲಗಿಯ ಹೆಸರು ಬಿಟ್ಟುಹೋದಾಗ ಜನ ಬೀದಿಗಿಳಿದರು, ಸರ್ಕಾರ ಮಣಿಯಿತು, ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ತಾಲ್ಲೂಕಾಯಿತು. ಗೋಕಾಕ ಜಿಲ್ಲೆಯ ಬೇಡಿಕೆಯೂ 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಘೋಷಿಸಿ ಹಿಂದಕ್ಕೆ ಪಡೆದಾಗಿನಿಂದ ಆರಿಲ್ಲ. ಹೋರಾಟ ಸಮಿತಿ ಕಟ್ಟುವುದನ್ನು ಈ ಭಾಗದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ತಾಲ್ಲೂಕು ತಂದುಕೊಟ್ಟ ದಾರಿ ಓಣಿಯ ಗಟಾರಿನ ಕೆಲಸಕ್ಕೆ ಒದಗುವುದಿಲ್ಲ. ಮನವಿ ಕೊಟ್ಟ ಫೋಟೊ ಪೇಪರಿನಲ್ಲಿ ಬರುತ್ತದೆ, ಗಟಾರು ತುಂಬಿಕೊಂಡೇ ಇರುತ್ತದೆ. ಕೆಲವು ಕೆಲಸಗಳನ್ನು ಸಂಘವಾಗಿ ಮಾಡಬೇಕು, ಕೆಲವನ್ನು ಒಬ್ಬ ನಾಗರಿಕ ತನ್ನ ಹೆಸರಿನಲ್ಲೇ ಮಾಡಬೇಕು. ಬಹಳಷ್ಟು ಸಂಘಗಳು ಎಡವುವುದು ಈ ವ್ಯತ್ಯಾಸ ಗೊತ್ತಿಲ್ಲದೆ.

ಹಳ್ಳಿಯವರಿಗೆ ವಾರ್ಡ್ ಸಭೆ, ಗ್ರಾಮಸಭೆಗಳಿವೆ; 1993ರ ಪಂಚಾಯತ್ ರಾಜ್ ಕಾಯ್ದೆ ಅವಕ್ಕೆ ಬಲ ಕೊಟ್ಟಿದೆ. ಪಟ್ಟಣದವರ ಪಾಡು ಬೇರೆ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಮಾತ್ರ. 2011ರ ಜನಗಣತಿಯಲ್ಲಿ ಗೋಕಾಕ ನಗರ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಮೂಡಲಗಿ, ಹುಕ್ಕೇರಿ ಪುರಸಭೆಗಳು ಇನ್ನೂ ಚಿಕ್ಕವು. ಹೀಗಾಗಿ ಓಣಿಯ ಯುವಕ ಸಂಘ, ಮಹಿಳಾ ಮಂಡಳಗಳೇ ಆ ಜಾಗ ತುಂಬಬೇಕು.

ಮನವಿ ಕೊಡಲು ಸಂಘಕ್ಕೆ ನೋಂದಣಿ ಬೇಕಿಲ್ಲ. ವಂತಿಗೆ ಎತ್ತಿ ಬ್ಯಾಂಕಿನಲ್ಲಿ ಇಡುವುದಾದರೆ, ಆಸ್ತಿ ಹೊಂದುವುದಾದರೆ ನೋಂದಾಯಿಸುವುದು ಒಳ್ಳೆಯದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಹಾಕಬೇಕು. ಆಮೇಲೆ ವರ್ಷವರ್ಷವೂ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಉದ್ಘಾಟನೆಯ ಹುರುಪಿನಲ್ಲಿ ಇದನ್ನು ಮರೆಯುವವರೇ ಹೆಚ್ಚು.

ಮಾಹಿತಿ ಹಕ್ಕಿಗೆ ಬಂದರೆ ಲೆಟರ್‌ಹೆಡ್ಡನ್ನು ಪಕ್ಕಕ್ಕಿಡಿ. 2005ರ ಕಾಯ್ದೆಯ 3ನೇ ಕಲಂ ಹಕ್ಕು ಕೊಟ್ಟಿರುವುದು ನಾಗರಿಕರಿಗೆ. ಸಂಘದ ಹೆಸರಿನಲ್ಲಷ್ಟೇ ಬರೆದರೆ ಅರ್ಜಿ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ಒಬ್ಬರು ತಮ್ಮ ಹೆಸರು, ವಿಳಾಸ ಹಾಕಿ ಸಹಿ ಮಾಡಲಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ‘ನಮ್ಮ ಗಟಾರು ಯಾಕೆ ಕಟ್ಟಿಲ್ಲ?’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ, ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು. ‘ಇಂಥ ವಾರ್ಡಿನ, ಇಂಥ ಮನೆಯಿಂದ ಇಂಥ ಗುಡಿಯವರೆಗಿನ ಗಟಾರು ಕಾಮಗಾರಿಯ ಅಂದಾಜು ಪತ್ರಿಕೆ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲು: ಇವುಗಳ ದೃಢೀಕೃತ ಪ್ರತಿ ಕೊಡಿ’ ಎಂದು ಬರೆಯಿರಿ. ಅಳತೆ ಪುಸ್ತಕದಲ್ಲಿ ಇಷ್ಟು ಮೀಟರ್ ಎಂದಿರುತ್ತದೆ. ನೀವು ಟೇಪು ಹಿಡಿದು ಹೋಗಿ ಅಳೆಯಬಹುದು. ಧರಣಿಗಿಂತ ಈ ಎರಡು ಅಂಕಿಗಳ ಅಂತರ ಹೆಚ್ಚು ಕೆಲಸ ಮಾಡುತ್ತದೆಂಬುದು ನನ್ನ ನಂಬಿಕೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

ದಾಖಲೆ ಕೈಗೆ ಬಂದ ಮೇಲೆ ಒಗ್ಗಟ್ಟು ಬೇಕು. ಮಧ್ಯಪ್ರದೇಶದ ರತ್ಲಾಮ್ ಎಂಬ ಊರಿನ ಒಂದು ವಾರ್ಡಿನವರು ತೆರೆದ ಗಟಾರು, ದುರ್ವಾಸನೆ ತಾಳಲಾರದೆ ಮ್ಯಾಜಿಸ್ಟ್ರೇಟರ ಮುಂದೆ ಹೋದರು. ಪುರಸಭೆ ದುಡ್ಡಿಲ್ಲ ಎಂದಿತು. ದುಡ್ಡಿಲ್ಲವೆಂಬ ನೆಪ ನಡೆಯದು, ನೈರ್ಮಲ್ಯ ಪೌರಸಂಸ್ಥೆಯ ಶಾಸನಬದ್ಧ ಹೊಣೆ ಎಂದು 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ತೀರ್ಪು ಬರೆದರು. ಆ ಜನ ಬಳಸಿದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. 2024ರ ಜುಲೈ 1ರಿಂದ ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ನಿಮ್ಮ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ; ದಿನಾಂಕವಿರುವ ಫೋಟೊ, ತೊಂದರೆಗೊಳಗಾದ ಮನೆಯವರ ಸಹಿ, ಮೊದಲು ಕೊಟ್ಟ ಮನವಿಗಳ ಪ್ರತಿ ಲಗತ್ತಿಸಿ. ಆವಕ ಸಂಖ್ಯೆ, ಕಚೇರಿಯ ಮೊಹರು ಇಲ್ಲದ ಮನವಿಯ ಪ್ರತಿ ಇಲ್ಲಿ ಹೆಚ್ಚು ನೆರವಾಗದು. ಸಿವಿಲ್ ದಾವೆಯೇ ಬೇಕಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಪ್ರಕಾರ ಇಬ್ಬರು ಸೇರಿ ನ್ಯಾಯಾಲಯದ ಅನುಮತಿ ಪಡೆದರೆ ಸಾಕು, ವೈಯಕ್ತಿಕ ನಷ್ಟ ತೋರಿಸಬೇಕಾಗಿಲ್ಲ.

ಹುಕ್ಕೇರಿಯದು ಮತ್ತೊಂದು ಬಗೆ. 1969ರಲ್ಲಿ ಆರಂಭವಾದ ಅಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕರೆಂಟನ್ನೇ ಹಂಚುತ್ತದೆ. ರಾಜ್ಯದಲ್ಲಿ ಇಂಥದ್ದು ಇನ್ನೊಂದಿಲ್ಲ. ಕರೆಂಟಿನ ತಕರಾರಿದ್ದರೆ ಗ್ರಾಹಕನಾಗಿ 2003ರ ವಿದ್ಯುತ್ ಕಾಯ್ದೆಯಡಿ ಗ್ರಾಹಕರ ಕುಂದುಕೊರತೆ ವೇದಿಕೆಗೆ ಹೋಗಬಹುದು. ಸದಸ್ಯತ್ವವೂ ಇದ್ದರೆ ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಹಕ್ಕು ಜೊತೆಗಿದೆ. ಮಹಾಸಭೆ ತಪ್ಪಿಸುತ್ತ ಬಂದವರ ಮತದ ಹಕ್ಕಿಗೇ ಕುತ್ತು ಬರಬಹುದು.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುತ್ತದೆ. ಕುಡಿಯುವ ನೀರು, ನೈರ್ಮಲ್ಯ, ವಿದ್ಯುತ್ತಿನ ವ್ಯಾಜ್ಯಗಳಿಗೆ ಶುಲ್ಕವಿಲ್ಲದ ಕಾಯಂ ಲೋಕ ಅದಾಲತ್ ಇದೆ. ಆದರೆ ಕೋರ್ಟಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಬೇಕು. ಅದೇ 12ನೇ ಕಲಮಿನ ಪಟ್ಟಿಯಲ್ಲಿ ಪ್ರವಾಹ ಸಂತ್ರಸ್ತರೂ ಇದ್ದಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ತಗ್ಗಿನ ಓಣಿಗಳು ಮುಳುಗಿದ್ದವು. ಮತ್ತೊಮ್ಮೆ ಹಾಗಾಗಿ ಪರಿಹಾರದ ಪಟ್ಟಿಯಲ್ಲಿ ಹೆಸರು ತಪ್ಪಿದರೆ ನೇರ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.