ಬೋರ್ಡೋ ಔಷಧವು ದ್ರಾವಣವಲ್ಲ: ಅಡಿಕೆ ತೋಟದವರು ತಿಳಿದಿರತಕ್ಕ ಸಂಗತಿ

ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿ ಸಿಂಪಡಿಸುವ ಔಷಧಕ್ಕೆ ಮಲೆನಾಡಿನಲ್ಲಿ ಬೋರ್ಡೋ ದ್ರಾವಣವೆಂಬ ಹೆಸರು ರೂಢಿಯಾಗಿದೆ. ಹೆಸರು ಸರಿಯಲ್ಲ. ಇದನ್ನು ದ್ರಾವಣವೆಂದೆಣಿಸಿ ನಡೆದುಕೊಂಡರೆ, ಹಣವನ್ನೂ ಆಳನ್ನೂ ವೆಚ್ಚಮಾಡಿ ಔಷಧ ಹೊಡೆಯಿಸಿದ ತೋಟದಲ್ಲಿಯೂ ಕಾಯಿ ಉದುರುವುದುಂಟು.

ಒಂದು ಚೊಂಬು ನೀರಿಗೆ ಚಿಟಿಕೆ ಉಪ್ಪನ್ನು ಹಾಕಿ ಕಲಕಿದರೆ ಅದು ಕಣ್ಣಿಗೆ ಕಾಣದಂತೆ ಕರಗುವುದು. ಆ ನೀರು ಮೇಲೆಯೂ ತಳದಲ್ಲಿಯೂ ಒಂದೇ ರುಚಿಯುಳ್ಳದ್ದಾಗಿರುವುದು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದರೂ ಉಪ್ಪು ನಿಲ್ಲದು. ರಾತ್ರಿಯೆಲ್ಲಾ ಇಟ್ಟರೂ ತಳಕ್ಕಿಳಿಯದು. ಇಂಥಾದ್ದು ದ್ರಾವಣವು. ಬಣ್ಣವಿದ್ದರೂ ದ್ರಾವಣವು ತಿಳಿಯಾಗಿಯೇ ಇರುವುದು. ಮೈಲುತುತ್ತದ ನೀಲಿ ನೀರೇ ಇದಕ್ಕೆ ಸಾಕ್ಷಿ. ಮುಂಗಾರಿನ ಹೊಳೆಯ ಕೆಂಪು ನೀರು ಹಾಗಲ್ಲ. ಅದರಲ್ಲಿ ಮಣ್ಣಿನ ಕಣಗಳು ತೇಲಾಡುತ್ತಿರುವುವೇ ಹೊರತು ಕರಗಿರುವುದಿಲ್ಲ. ನೀರು ನಿಂತರೆ ಕೆಸರು ಕೆಳಗಿಳಿಯುವುದು. ಇದನ್ನು ತೇಲುಮಿಶ್ರಣವೆನ್ನಬಹುದು. ಹಾಲು ಇವೆರಡರ ನಡುವಿನದು: ಬಟ್ಟೆಯಲ್ಲಿ ಸೋಸಿದರೆ ಬೇರ್ಪಡದು, ಆದರೂ ತಿಳಿಯಲ್ಲ.

ಸುಣ್ಣದ ವಿಷಯದಲ್ಲಿ ಹಲವರು ಮೋಸಹೋಗುವರು. ಒಂದು ಲೀಟರು ನೀರಿನಲ್ಲಿ ಸುಣ್ಣವು ಸುಮಾರು ಒಂದೂವರೆ ಗ್ರಾಮಿನಷ್ಟು ಮಾತ್ರ ಕರಗುವುದು. ಮೇಲೆ ನಿಂತ ತಿಳಿಯು ದ್ರಾವಣವು. ಕಲಕಿದಾಗ ಕಾಣುವ ಬಿಳಿಯ ಸುಣ್ಣದ ಹಾಲು ತೇಲುಮಿಶ್ರಣವು. ಔಷಧಕ್ಕೆ ಬೇಕಾದ್ದು ಈ ಹಾಲೇ. ತಿಳಿಯನ್ನು ಬಸಿದುಕೊಂಡು ಅಡಿಯದನ್ನು ಚೆಲ್ಲಿದವನು ಸುಣ್ಣವನ್ನೇ ಚೆಲ್ಲಿದಂತಾಯಿತು.

ನೂರು ಲೀಟರು ಔಷಧಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿ ಕರಗಿಸಬೇಕು. ಒಂದು ಕಿಲೋ ಹೊಸ ಸುಟ್ಟ ಸುಣ್ಣವನ್ನು ಬೇರೆಯಾಗಿ ಅರಳಿಸಿ, ನೀರು ಕೂಡಿಸಿ 50 ಲೀಟರು ಹಾಲು ಮಾಡಿ, ಕಲ್ಲುಹರಳು ಹೋಗುವಂತೆ ತೆಳುಬಟ್ಟೆಯಲ್ಲಿ ಸೋಸಬೇಕು. ಬಳಿಕ ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಸಣ್ಣಗೆ ಸುರಿಯುತ್ತಾ ಕಲಕತಕ್ಕದ್ದು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿಯಬಾರದು. ಆಗ ತಾಮ್ರವು ನೀರನ್ನು ಬಿಟ್ಟು, ಕರಗದ ನೀಲಿ ಕಣಗಳಾಗಿ ತೇಲುವುದು.

ಔಷಧದ ಗುಣವೆಲ್ಲಾ ಈ ಕರಗದಿರುವಿಕೆಯಲ್ಲಿದೆ. ಬರಿಯ ಮೈಲುತುತ್ತದ ನೀರನ್ನು ಹೊಡೆದರೆ ಎಳೆಯ ಭಾಗಗಳು ಸುಟ್ಟಾವು. ಉಳಿದದ್ದನ್ನು ಮಳೆಯು ತೊಳೆದುಬಿಡುವುದು. ನೀಲಿ ಕಣಗಳಾದರೋ ಕಾಯಿಗೆ ಅಂಟಿಕೊಂಡು ಒಣಗಿ, ಮಳೆಯಲ್ಲಿ ಅಲ್ಪಾಲ್ಪವಾಗಿ ತಾಮ್ರವನ್ನು ಬಿಡುವುವು. ಕೊಳೆರೋಗದ ಬೂಷ್ಟಿನ ಬೀಜಕಣಗಳು ಮಳೆನೀರಿನಲ್ಲಿಯೇ ಈಜುವಂಥವು. ಕಾಯಿಯನ್ನು ಹೊಗುವ ಮೊದಲೇ ಅವು ಈ ತಾಮ್ರದಿಂದ ಸಾಯುವುವು. ಮೈಸೂರು ಸಂಸ್ಥಾನದಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ ರವರು 1910ರಲ್ಲಿ ಈ ರೋಗದ ವಿಷಯವಾಗಿ ವರದಿಯನ್ನು ಪ್ರಕಟಿಸಿದರು. ಗೊನೆಗೆ ಕೊಟ್ಟೆ ಕಟ್ಟುವುದೊಂದನ್ನೇ ನೆಚ್ಚಿದ್ದ ತೋಟಗಾರರಿಗೆ ಈ ಔಷಧವು ಪರಿಚಯವಾದದ್ದು ಆ ಕಾಲದಲ್ಲಿಯೇ.

ಆದರೆ ಕರಗದ ವಸ್ತುವು ತಳಕ್ಕಿಳಿಯಲೇಬೇಕು. ಪೀಪಾಯಿಯನ್ನು ಒಮ್ಮೆ ಕಲಕಿ ಬಿಟ್ಟರೆ ಕೆಲವು ಮರಗಳಿಗೆ ಗಟ್ಟಿ ಔಷಧವೂ ಕೆಲವಕ್ಕೆ ಬರಿಯ ನೀರೂ ಬೀಳುವುದು. ಮರದ ಮೇಲಿರುವ ಕೊನೆಗೌಡನಿಗೆ ಈ ಭೇದವು ಕಾಣದು. ಆಷಾಢದ ಮಳೆಯಲ್ಲಿ ಆ ಮರಗಳ ಕಾಯಿ ಉದುರಿದಾಗ ಯಜಮಾನನು ಔಷಧವನ್ನೋ ಕೊನೆಗೌಡನನ್ನೋ ಬಯ್ಯುವನು. ಪಂಪು ನಡೆಯುವಷ್ಟು ಹೊತ್ತೂ ಕೋಲಿನಿಂದ ಕಲಕುತ್ತಿರುವುದಕ್ಕೆಂದೇ ಒಬ್ಬ ಹುಡುಗನನ್ನು ನಿಲ್ಲಿಸುವುದು ಯುಕ್ತವು. ಅವನ ಕೂಲಿಯು ನಷ್ಟವಲ್ಲ.

ಸುಣ್ಣವು ಹಳೆಯದಾಗಿ ಗಾಳಿಗೆ ಕೆಟ್ಟಿದ್ದರೆ ತೂಕ ಸರಿಯಿದ್ದರೂ ಸಾಲದೆ ಬರುವುದು. ಇದನ್ನು ಕಂಡುಹಿಡಿಯಲು ಸ್ವಲ್ಪ ಔಷಧವನ್ನು ಗಾಜಿನ ಲೋಟದಲ್ಲಿ ನಿಲ್ಲಿಸಿ ನೋಡತಕ್ಕದ್ದು. ಮೇಲಿನ ತಿಳಿಯು ಬಣ್ಣವಿಲ್ಲದಿದ್ದರೆ ಸರಿ. ನೀಲಿಯಾಗಿದ್ದರೆ ತಾಮ್ರವು ಇನ್ನೂ ದ್ರಾವಣದಲ್ಲಿದೆ. ಉಜ್ಜಿ ಹೊಳಪಾಗಿಸಿದ ಕುಡುಗೋಲನ್ನು ಔಷಧದಲ್ಲಿ ಒಂದೆರಡು ನಿಮಿಷ ಅದ್ದಿದರೆ ಇನ್ನೂ ನಿಶ್ಚಯವಾಗುವುದು: ಅಲಗಿಗೆ ಕೆಂಪು ಲೇಪವು ಹತ್ತಿದರೆ ಸುಣ್ಣದ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಕೂಡಿಸಿ ತಿರುಗಿ ಪರೀಕ್ಷಿಸಬೇಕು. ಕುಡುಗೋಲಿಗೆ ತಾಮ್ರ ಹತ್ತುವ ಈ ಕಾರಣದಿಂದಲೇ ಮೈಲುತುತ್ತವನ್ನು ಕಬ್ಬಿಣದ ಹಂಡೆಯಲ್ಲಿ ಕರಗಿಸಬಾರದು. ಮಣ್ಣಿನ, ಮರದ ಇಲ್ಲವೇ ಪ್ಲಾಸ್ಟಿಕ್ಕಿನ ಪಾತ್ರೆಯು ಆಗಬಹುದು.

ಮೈಲುತುತ್ತದ ನೀರನ್ನೂ ಸುಣ್ಣದ ಹಾಲನ್ನೂ ಬೇರೆಬೇರೆಯಾಗಿ ಮುಚ್ಚಿ ಮರುದಿನಕ್ಕೆ ಇಡಬಹುದು. ಕೂಡಿಸಿದ ಔಷಧವನ್ನು ಮಾತ್ರ ಆ ದಿನವೇ ಮುಗಿಸಬೇಕು; ಇಟ್ಟಷ್ಟೂ ಅದರ ಕಣಗಳು ದಪ್ಪಗಾಗಿ ಅಂಟುವ ಗುಣವನ್ನು ಕಳೆದುಕೊಳ್ಳುವುವು, ಮರುದಿನ ಎಷ್ಟು ಕಲಕಿದರೂ ಅದು ಹಿಂದಿರುಗಿ ಬಾರದು.