ಎದುರಿಗಿರುವವರನ್ನೇ ಹುಡುಕುವ ಮನೆ

ಪ್ರಶ್ನೆ: ಮೇಡಂ, ನನಗೆ 48 ವರ್ಷ, ಅಂಗನವಾಡಿ ಕಾರ್ಯಕರ್ತೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಯಜಮಾನರಿಗೆ 54. ಸರ್ವೆ ಇಲಾಖೆಯಲ್ಲಿ ಭೂಮಾಪಕರು. ಯಾವ ಊರಿನ ಯಾವ ಸರ್ವೆ ನಂಬರು ಎಲ್ಲಿ ಬರುತ್ತದೆಂದು ನಕ್ಷೆ ನೋಡದೆ ಹೇಳುತ್ತಿದ್ದ ಮನುಷ್ಯ ಎರಡು ವರ್ಷದಿಂದ ಅಳತೆ ತಪ್ಪತೊಡಗಿದರು. ಒಂದು ಪೋಡಿಯಲ್ಲಿ ಹಿಸ್ಸಾ ಅದಲುಬದಲಾಗಿ ಅಣ್ಣತಮ್ಮಂದಿರು ಹೊಡೆದಾಡಿಕೊಂಡರು. ಇವರಿಗೆ ನೋಟಿಸ್ ಬಂತು. ದುಡ್ಡು ತಿಂದು ಬರೆದಿದ್ದಾರೆ ಎಂದು ಜನ ಆಡಿಕೊಂಡರು. ಕುಡಿತ ಶುರುವಾಯಿತೇನೋ ಎಂದು ನಾನೇ ಅವರ ಬಾಯಿ ಮೂಸಿ ನೋಡಿದ್ದೂ ಉಂಟು. ಆಮೇಲೆ ಒಂದು ಸಂಜೆ ನಮ್ಮದೇ ಬೀದಿಗೆ ಬಂದು, ಮನೆ ಯಾವುದೆಂದು ತಿಳಿಯದೆ ಬೈಕ್ ನಿಲ್ಲಿಸಿಕೊಂಡು ನಿಂತಿದ್ದರು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ರಕ್ತ ಪರೀಕ್ಷೆ, ಎಂಆರ್‌ಐ, ನೆನಪಿನ ಪರೀಕ್ಷೆ ಎಲ್ಲ ಆದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ‘ಆಲ್‌ಝೈಮರ್’ ಎಂದರು. ‘ಅವರಿಗೆ ಹೇಳಬೇಡಿ, ಧೈರ್ಯಗೆಡುತ್ತಾರೆ’ ಎಂದೂ ಹೇಳಿದರು. ಎಂಟು ತಿಂಗಳಾಯಿತು. ನರದೌರ್ಬಲ್ಯ ಎಂದಷ್ಟೇ ಅವರಿಗೆ ಹೇಳಿದ್ದೇವೆ.

78ರ ಅತ್ತೆಗೆ ತಮ್ಮ ಮದುವೆಯ ದಿಬ್ಬಣದಲ್ಲಿ ಯಾರ್ಯಾರಿದ್ದರು ಎಂಬುದೂ ನೆನಪಿದೆ. ಮಾವ 74ಕ್ಕೆ ಹೋದರು, ಕೊನೆಯವರೆಗೂ ತೋಟದ ಲೆಕ್ಕ ಅವರದೇ. ಹೀಗಿರುವಾಗ ಮಗನಿಗೆ ಮುದುಕರ ಕಾಯಿಲೆ ಹೇಗೆ ಬಂತು ಎಂದು ಅತ್ತೆ ನನ್ನ ಮುಖವನ್ನೇ ನೋಡುತ್ತಾರೆ. ಮಗಳಿಗೆ 22, ಸಂಬಂಧ ಬಂದಿದೆ. ಅಪ್ಪ ಧಾರೆ ಎರೆಯುವಂತಿರುವಾಗಲೇ ಮುಗಿಸಿಬಿಡಿ, ಗಂಡಿನ ಕಡೆಯವರಿಗೆ ಬಾಯಿ ಬಿಡಬೇಡಿ ಎನ್ನುತ್ತಾರೆ ನೆಂಟರು. ಅವಳು ರಾತ್ರಿ ಎದ್ದು ಕೂತು ‘ನನಗೂ ಬರುತ್ತಾ ಅಮ್ಮ?’ ಎನ್ನುತ್ತಾಳೆ. ಎರಡನೇ ಪಿಯುಸಿ ಓದುವ ಮಗ ಅಪ್ಪನ ಬೈಕ್ ಕೀ, ಎಟಿಎಂ ಕಾರ್ಡ್ ಎರಡನ್ನೂ ಎತ್ತಿಟ್ಟಿದ್ದಾನೆ. ಶನಿವಾರದ ಭಜನೆಗೆ ಹೋಗುತ್ತೇನೆಂದು ಇವರು ಹಟ ಮಾಡುತ್ತಾರೆ. ನಾಲ್ಕು ಜನರೆದುರು ಎಡವಟ್ಟಾದೀತೆಂದು ನಾನೇ ನಿಲ್ಲಿಸಿದ್ದೇನೆ. ದುಡ್ಡು ಕದ್ದೆ ಎಂದು ನನ್ನ ಮೇಲೇ ಎಗರಾಡುತ್ತಾರೆ. ರಾತ್ರಿ ಪಕ್ಕದಲ್ಲಿ ಮಲಗಿದರೆ ಗಂಡನ ಪಕ್ಕ ಮಲಗಿದ ಹಾಗನ್ನಿಸುವುದಿಲ್ಲ, ಒಂದು ದೊಡ್ಡ ಮಗುವನ್ನು ಕಾಯುತ್ತಿದ್ದೇನೆ ಅನ್ನಿಸುತ್ತದೆ. ಇವರು ಇನ್ನೂ ಅವರೇನಾ? ಅಲ್ಲದಿದ್ದರೆ ನಾನು ಯಾರ ಹೆಂಡತಿ?

– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲರೂ ಮಾತಾಡಿದ್ದಾರಮ್ಮ. ಅತ್ತೆ, ನೆಂಟರು, ಡಾಕ್ಟರು, ಮಗಳು. ಯಜಮಾನರ ಮಾತೆಂದು ನೀವು ಬರೆದಿರುವುದು ಎರಡೇ: ಭಜನೆಗೆ ಹೋಗುತ್ತೇನೆ, ದುಡ್ಡು ಕದ್ದೆ. ಮೊದಲನೆಯದನ್ನು ಹಟ ಎಂದಿರಿ, ಎರಡನೆಯದನ್ನು ಎಗರಾಟ ಎಂದಿರಿ. ಎರಡಕ್ಕೂ ಆಮೇಲೆ ಬರುತ್ತೇನೆ.

ಮೊದಲು ಅತ್ತೆಯವರ ನೋಟಕ್ಕೆ ಉತ್ತರ ಕೊಡೋಣ. ಈ ಕಾಯಿಲೆ ವೈದ್ಯಶಾಸ್ತ್ರದ ಕಣ್ಣಿಗೆ ಮೊದಲು ಬಿದ್ದದ್ದೇ ನಿಮ್ಮ ಯಜಮಾನರ ವಯಸ್ಸಿನವರಲ್ಲಿ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಸೇರಿದ ಆಗುಸ್ಟೆ ಡೇಟರ್ ಎಂಬ ಹೆಂಗಸಿಗೆ 51 ವರ್ಷ. ಗಂಡ ರೈಲ್ವೆ ಗುಮಾಸ್ತ. ಆಕೆಗೆ ಮೊದಮೊದಲು ಕಾಣಿಸಿಕೊಂಡದ್ದು ಗಂಡನ ಮೇಲಿನ ಅನುಮಾನ. ಹೆಸರು ಬರೆಯಿರಿ ಎಂದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದಳು, ತನ್ನನ್ನು ತಾನು ಕಳೆದುಕೊಂಡೆ ಎನ್ನುತ್ತಿದ್ದಳು. ಅದನ್ನೆಲ್ಲ ಬರೆದಿಟ್ಟುಕೊಂಡ ವೈದ್ಯ ಅಲೋಯಿಸ್ ಆಲ್‌ಝೈಮರ್. ಅವಳು 1906ರಲ್ಲಿ ತೀರಿಕೊಂಡ ಮೇಲೆ ಮೆದುಳನ್ನು ಪರೀಕ್ಷಿಸಿ ವರದಿ ಮಾಡಿದರು, 1910ರಲ್ಲಿ ಕಾಯಿಲೆಗೆ ಅವರ ಹೆಸರೇ ಬಂತು. ಆಮೇಲೆ ಸುಮಾರು ಅರವತ್ತು ವರ್ಷ ಈ ಹೆಸರನ್ನು ನಡುವಯಸ್ಸಿನಲ್ಲಿ ಬರುವ ಮರೆವಿಗಷ್ಟೇ ಬಳಸುತ್ತಿದ್ದರು. ಮುದುಕರದ್ದೂ ಇದೇ ಕಾಯಿಲೆ ಎಂದು ಒಪ್ಪಿಕೊಂಡದ್ದು 1970ರ ದಶಕದ ಈಚೆಗೆ. ಈಗ ಮುದುಕರ ಸಂಖ್ಯೆಯೇ ಬಹಳ ಹೆಚ್ಚು. 65 ತುಂಬುವ ಮೊದಲೇ ಶುರುವಾಗುವುದು ನೂರರಲ್ಲಿ ಐದಾರು ಮಂದಿಗೆ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡಿದ ನಮಗೆಲ್ಲ ಆಲ್‌ಝೈಮರ್ ಎಂದರೆ ಅನಂತನಾಗ್ ಅವರ ನರೆತ ತಲೆ ಕಣ್ಣಿಗೆ ಬರುತ್ತದೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಸರಪಳಿ ಹಿಡಿದು ಹೊಲಕ್ಕೆ ಇಳಿಯುವ ಸರ್ವೆಯರ್ ಕಣ್ಣಿಗೆ ಬರುವುದಿಲ್ಲ.

ಈ ವಯಸ್ಸಿನವರಲ್ಲಿ ಕಾಯಿಲೆ ಎಷ್ಟೋ ಸಲ ನೆನಪಿನಿಂದ ಶುರುವಾಗುವುದೂ ಇಲ್ಲ. ದಿಕ್ಕು, ದೂರ, ಲೆಕ್ಕ, ಮಾತಿನ ನಡುವೆ ಸಿಗದ ಪದ, ಇಂಥ ಕಡೆಯಿಂದ ಬರುತ್ತದೆ. ಆದ್ದರಿಂದಲೇ ಟೆನ್ಷನ್ ಎನ್ನುತ್ತಾರೆ, ಕುಡಿತ ಎನ್ನುತ್ತಾರೆ, ಸೋಮಾರಿತನ ಎನ್ನುತ್ತಾರೆ. ನಿಮ್ಮ ಮನೆಯಲ್ಲಿ ಲಂಚ ಎಂದರು. ಹಿಸ್ಸಾ ಅದಲುಬದಲಾದದ್ದು ಬಹುಶಃ ಈ ಕಾಯಿಲೆಯ ಮೊದಲ ಸುಳಿವು. ಬಾಯಿ ಮೂಸಿದ್ದಕ್ಕೆ ನೊಂದುಕೊಳ್ಳಬೇಡಿ, ನಿಮ್ಮ ಜಾಗದಲ್ಲಿ ನಾನಿದ್ದರೂ ಮೂಸುತ್ತಿದ್ದೆ.

ಈಗ ನಿಮಗೆ ಹಿಡಿಸದ ಮಾತು. ಅವರಿಗೆ ಹೇಳಿಬಿಡಿ.

ಹೆಂಡತಿಯನ್ನು ಮಾತ್ರ ಹೊರಗೆ ಕರೆದು ಹೇಳುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಕಾಯಿಲೆ ಯಾರದೋ ಸುದ್ದಿ ಮೊದಲು ಅವರದು. ಅವರಿಗೇನೂ ಗೊತ್ತಿಲ್ಲ ಎಂದುಕೊಂಡಿದ್ದೀರಿ. ಸ್ವಂತ ಬೀದಿಯಲ್ಲಿ ಮನೆ ಸಿಗದೆ ನಿಂತವರಿಗೆ ಗೊತ್ತಿರುವುದಿಲ್ಲವೇ? ಹೆಸರು ಗೊತ್ತಿಲ್ಲ, ಅಷ್ಟೇ. ಹೆಸರಿಲ್ಲದ ಭಯ ರಾತ್ರಿ ಎಷ್ಟು ದೊಡ್ಡದಾಗುತ್ತದೆಂದು ನಿಮ್ಮ ಮಗಳನ್ನು ನೋಡಿದರೇ ತಿಳಿಯುತ್ತದೆ. ಅದರ ಮೇಲೆ ನೀವು ಕೊಟ್ಟಿರುವ ಹೆಸರಾದರೂ ಎಂಥದ್ದು! ನರದೌರ್ಬಲ್ಯ ಎಂಬ ಪದಕ್ಕೆ ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ ಏನರ್ಥವಿದೆಯೆಂದು ಐವತ್ನಾಲ್ಕರ ಗಂಡಸಿಗೆ ಬಿಡಿಸಿ ಹೇಳಬೇಕಿಲ್ಲ.

ಬೆಳಿಗ್ಗೆ ಹೊತ್ತು ಹೇಳಿ, ಸಂಜೆಗೆ ಅವರ ತಲೆ ದಣಿದಿರುತ್ತದೆ. ಮಕ್ಕಳನ್ನು ಸಾಲಾಗಿ ಕೂರಿಸಿ ಸಭೆ ಮಾಡಬೇಡಿ, ನೀವಿಬ್ಬರೇ ಇದ್ದರೆ ಸಾಕು. ‘ಅಳತೆ ತಪ್ಪಿದ್ದು ನಿಮ್ಮ ತಪ್ಪಲ್ಲ, ಮೆದುಳಿನ ಒಂದು ಕಾಯಿಲೆ, ಅದಕ್ಕೆ ಆಲ್‌ಝೈಮರ್ ಅನ್ನುತ್ತಾರೆ, ನಾನು ಜೊತೆಗಿದ್ದೇನೆ.’ ಇಷ್ಟು ಹೇಳಿ ಸುಮ್ಮನಿರಿ. ಅತ್ತರೆ ಅಳಲಿ. ನನಗೇನೂ ಆಗಿಲ್ಲ ಎಂದರೆ ವಾದಕ್ಕೆ ಇಳಿಯಬೇಡಿ. ತನಗೆ ಕಾಯಿಲೆಯಿದೆ ಎಂಬ ಅರಿವನ್ನೇ ಕಾಯಿಲೆ ಅಳಿಸಿರುವುದೂ ಉಂಟು.

ಹೇಳುವುದಕ್ಕೆ ಇನ್ನೊಂದು ಕಾರಣವಿದೆ, ಸಂಸಾರಕ್ಕೆ ಇದು ಬಹಳ ಮುಖ್ಯ. ಅವರು ತಾವೇ ನಿರ್ಧಾರ ಮಾಡಿ ಸಹಿ ಹಾಕಬಲ್ಲ ಕಾಲ ಇದು. ಎಂಟು ತಿಂಗಳು ಆಗಲೇ ಹೋಗಿದೆ. ‘ಜಿಪಿಎ, ಅಂದರೆ ಅಧಿಕಾರಪತ್ರ, ಮಾಡಿಸಿಕೊಂಡುಬಿಡಿ, ಸಾಕು’ ಎನ್ನುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಸಾಲದು. ನಮ್ಮ ಕರಾರು ಕಾಯ್ದೆಯ ಪ್ರಕಾರ ಅಧಿಕಾರ ಕೊಟ್ಟವರ ಬುದ್ಧಿ ಸ್ವಸ್ಥವಾಗಿಲ್ಲದಿದ್ದರೆ ಆ ಅಧಿಕಾರಪತ್ರವೂ ಮುಗಿದ ಹಾಗೆ. ಅದು ಬೇಕಾಗುವ ಹೊತ್ತಿಗೇ ಬಿದ್ದುಹೋಗುತ್ತದೆ. ಆಮೇಲೆ ಹೈಕೋರ್ಟಿನವರೆಗೂ ಅಲೆಯಬೇಕಾದೀತು. ಆದ್ದರಿಂದ ಈಗಲೇ ಬ್ಯಾಂಕ್ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಮಾಡಿಸಿ, ನಾಮಿನಿ ಹೆಸರುಗಳನ್ನು ಸರಿಪಡಿಸಿ. ವಿಲ್ ಬರೆಯುವುದಾದರೆ ಸ್ವಸ್ಥ ಬುದ್ಧಿಯಲ್ಲಿದ್ದಾರೆಂಬ ವೈದ್ಯರ ಪತ್ರ ಇಟ್ಟುಕೊಂಡು ನೋಂದಾಯಿಸಲಿ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಮಾತಾಡಬೇಕಾದವರು ಯಾರು ಎಂದು ಮೊದಲೇ ಬರೆದಿಡಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವಕಾಶ ಕೊಟ್ಟಿದೆ. ಕಾಯಿಲೆ ಏನೆಂದು ತಿಳಿಯದವರು ಇದರಲ್ಲಿ ಏನನ್ನು ತಾನೇ ಬರೆದಾರು?

ನೌಕರಿ ವಿಷಯ. ನೋಟಿಸ್‌ಗೆ ಹೆದರಿ ರಾಜೀನಾಮೆಯನ್ನೋ ಸ್ವಯಂ ನಿವೃತ್ತಿಯನ್ನೋ ಬರೆದುಕೊಡಲು ಬಿಡಬೇಡಿ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 20ನೇ ಕಲಂ ಓದಿಸಿ. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ತೆಗೆದುಹಾಕುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಅದೂ ಆಗದಿದ್ದರೆ ಹೆಚ್ಚುವರಿ ಹುದ್ದೆಯೊಂದನ್ನು ತೋರಿಸಿ, ಸರಿಯಾದ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಇಟ್ಟುಕೊಳ್ಳಬೇಕು. ಇದಕ್ಕೆ ವೈಕಲ್ಯ ಪ್ರಮಾಣಪತ್ರ ಬೇಕಾಗುತ್ತದೆ, ವೈದ್ಯರ ಹತ್ತಿರ ಕೇಳಿ, ಸೇವಾ ವಿಷಯ ಬಲ್ಲ ವಕೀಲರನ್ನೂ ಒಮ್ಮೆ ಕಾಣಿ. ಇಷ್ಟು ವರ್ಷ ದುಡಿದವರ ಹೆಸರಿಗೆ ‘ದುಡ್ಡು ತಿಂದ’ ಎಂಬ ಮಾತು ಅಂಟಿಕೊಂಡಿದೆ. ಅದನ್ನು ತೊಳೆಯಬಲ್ಲ ಕಾಗದ ನಿಮ್ಮ ಬೀರುವಿನಲ್ಲೇ ಇದೆ. ನಾಲ್ಕು ಜನರೆದುರು ಮರ್ಯಾದೆ ಹೋದೀತೆಂದು ಮುಚ್ಚಿಟ್ಟ ವರದಿಯಿಂದಲೇ ಅವರ ಮರ್ಯಾದೆ ದಿನಾ ಹೋಗುತ್ತಿದೆ.

ಮಗಳ ಪ್ರಶ್ನೆಗೆ ಬರುತ್ತೇನೆ. ತಂದೆಯಿಂದ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆಯಲ್ಲಿ ಇಳಿಯುವ ಬಗೆಯೊಂದು ಇರುವುದು ನಿಜ. ಎಪಿಪಿ, ಪ್ರೆಸೆನಿಲಿನ್ 1, ಪ್ರೆಸೆನಿಲಿನ್ 2 ಎಂಬ ಮೂರು ಜೀನ್‌ಗಳಲ್ಲಿ ಒಂದರ ದೋಷ ಅದಕ್ಕೆ ಕಾರಣ. ಕೊಲಂಬಿಯಾ ದೇಶದ ಆಂಟಿಯೋಕಿಯಾ ಸೀಮೆಯಲ್ಲಿ ಇಂಥ ದೊಡ್ಡ ಕುಟುಂಬಗಳಿವೆ, ಅಲ್ಲಿ ನಲವತ್ತರ ಆಸುಪಾಸಿಗೇ ಮರೆವು ಹತ್ತುತ್ತದೆ. ಆದರೆ ಆಲ್‌ಝೈಮರ್ ಬಂದವರೆಲ್ಲರನ್ನೂ ಲೆಕ್ಕ ಹಿಡಿದರೆ ಈ ಬಗೆಯವರು ನೂರಕ್ಕೆ ಒಬ್ಬರೂ ಇಲ್ಲ. ಅಂಥ ಮನೆತನಗಳಲ್ಲಿ ತಲೆಮಾರು ತಪ್ಪದೆ ಯಾರಾದರೊಬ್ಬರು ಸಣ್ಣ ವಯಸ್ಸಿಗೇ ಹೀಗಾಗಿರುತ್ತಾರೆ. ನಿಮ್ಮ ಮಾವ 74ರವರೆಗೆ ಲೆಕ್ಕ ನೋಡಿದವರು, ಅತ್ತೆ 78ಕ್ಕೂ ದಿಬ್ಬಣ ನೆನೆಸಿಕೊಳ್ಳುವವರು. ನಿಮ್ಮನ್ನು ಚುಚ್ಚುತ್ತಿರುವ ಅತ್ತೆಯ ಆ ನೆನಪೇ ಮೊಮ್ಮಗಳ ಪಾಲಿಗೆ ದೊಡ್ಡ ಸಮಾಧಾನ ಎಂದು ಅವರಿಗೂ ಹೇಳಿ. ಮಗಳಿಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚು ಸಾಧ್ಯತೆ ಇರಬಹುದು, ಹಣೆಬರಹವೇ ಅದು ಎನ್ನುವಂತಿಲ್ಲ. ಅನುಮಾನ ಬಗೆಹರಿಯದಿದ್ದರೆ ನಿಮ್ಹಾನ್ಸ್‌ನಂಥ ಕಡೆ ಜೆನೆಟಿಕ್ ಸಲಹೆ ಕೇಳಲಿ. ಆ ಸಲಹೆ ಇಲ್ಲದೆ ಲ್ಯಾಬಿಗೆ ಹೋಗಿ ರಕ್ತ ಕೊಡುವುದು ಬೇಡ.

ಮದುವೆಯನ್ನು ಅಪ್ಪನ ಕಾಯಿಲೆಯ ಕ್ಯಾಲೆಂಡರ್ ನೋಡಿ ನಿಶ್ಚಯಿಸಬೇಡಿ. ಸಂಬಂಧ ಅವಳಿಗೆ ಒಪ್ಪಿಗೆಯಾಗಿ ಮಾತು ಗಟ್ಟಿಯಾಗುವ ಹಂತಕ್ಕೆ ಬಂದರೆ ಹುಡುಗನಿಗೆ ಅವಳೇ ಹೇಳಲಿ. ಕೇಳಿ ಓಡುವವನು ಓಡಲಿ. ಧಾರೆಯ ದಿನ ಮಾವನ ಕೈ ನಡುಗುವುದನ್ನು ಕಂಡು ತಿಳಿದುಕೊಳ್ಳುವುದಕ್ಕಿಂತ ಇದು ವಾಸಿ.

ಮಗನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನನಗೆ ಕಳವಳ ಅವನದೇ. ಹದಿನೇಳಕ್ಕೆ ಅಪ್ಪನ ಕೀಲಿಕೈ ಎತ್ತಿಟ್ಟ ಹುಡುಗ ಮನೆಯ ಯಜಮಾನನಾಗಿಬಿಟ್ಟಿದ್ದಾನೆ, ಇದನ್ನು ಕ್ಲಾಸಿನಲ್ಲಿ ಯಾರ ಹತ್ತಿರವೂ ಹೇಳಿಕೊಂಡಿರಲಾರ. ಬೈಕ್ ಕೀ ತೆಗೆದದ್ದು ಸರಿ, ಆ ವಿಷಯದಲ್ಲಿ ರಾಜಿ ಬೇಡ. ಆದರೆ ಬಚ್ಚಿಡುವುದಲ್ಲ, ಡಾಕ್ಟರ ಬಾಯಲ್ಲಿ ‘ಗಾಡಿ ಓಡಿಸಬೇಡಿ’ ಎಂದು ಹೇಳಿಸಿ. ಎಟಿಎಂ ಕಾರ್ಡ್ ನಿಮ್ಮ ಹತ್ತಿರವಿರಲಿ, ಹುಡುಗನ ಹತ್ತಿರ ಬೇಡ. ಯಜಮಾನರ ಅಂಗಿ ಜೇಬಿನಲ್ಲಿ ದಿನಾ ಇನ್ನೂರು ರೂಪಾಯಿ ಇರಲಿ, ಜೊತೆಗೆ ನಿಮ್ಮ ಫೋನ್ ನಂಬರಿನ ಒಂದು ಚೀಟಿ. ದುಡ್ಡು ಕದ್ದೆ ಎನ್ನುತ್ತಾರೆ ಎಂದಿರಲ್ಲ, ಈ ಕಾಯಿಲೆಯಲ್ಲಿ ಅನುಮಾನ ಸಾಮಾನ್ಯ. ಇಟ್ಟ ಜಾಗ ಮರೆತ ಮೆದುಳು ಕಳ್ಳರನ್ನು ಹುಡುಕುತ್ತದೆ. ಆದರೆ ನಿಮ್ಮ ಮನೆಯಲ್ಲಿ ಅದು ಪೂರ್ತಿ ಸುಳ್ಳೂ ಅಲ್ಲವಲ್ಲ! ಕಾರ್ಡು ಎತ್ತಿಟ್ಟದ್ದು ಅವರಿಗೆ ಯಾರೂ ಹೇಳಿಲ್ಲ. ಮುಂದಿನ ಸಲ ‘ನಾನ್ಯಾಕೆ ಕದಿಯಲಿ’ ಎನ್ನದೆ ‘ಬನ್ನಿ, ಹುಡುಕೋಣ’ ಎನ್ನಿ.

ಔಷಧದ ಮಾತು ಚಿಕ್ಕದು. ಡೊನೆಪೆಜಿಲ್, ಮೆಮಂಟಿನ್‌ನಂಥ ಮಾತ್ರೆಗಳು ಕೆಲವರಿಗೆ ಸ್ವಲ್ಪ ಕಾಲ ಆಸರೆಯಾಗುತ್ತವೆ, ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್ ಆರಂಭದ ಹಂತದವರಿಗೆ ಮಾತ್ರ. ಅದು ಇಳಿತವನ್ನು ಒಂದಿಷ್ಟು ನಿಧಾನ ಮಾಡುತ್ತದೆ, ಮೆದುಳು ಊದಿಕೊಳ್ಳುವ, ರಕ್ತ ಜಿನುಗುವ ಅಪಾಯವೂ ಇದೆ. ವಾಟ್ಸ್‌ಆ್ಯಪ್ ಸುದ್ದಿ ನಂಬಿ ತೋಟ ಮಾರಬೇಡಿ.

ಇವರು ಇನ್ನೂ ಅವರೇನಾ ಎಂದು ಕೇಳಿದ್ದೀರಿ. ನನ್ನ ಉತ್ತರ ಹೌದು, ಅವರೇ. ಲಂಡನ್‌ನಲ್ಲಿದ್ದ ವಿಲಿಯಂ ಉಟರ್‌ಮೋಲನ್ ಎಂಬ ಚಿತ್ರಕಾರರಿಗೆ 1995ರಲ್ಲಿ, 61ರ ವಯಸ್ಸಿನಲ್ಲಿ, ಇದೇ ಕಾಯಿಲೆ ಎಂದು ತಿಳಿಯಿತು. ಆಮೇಲಿನ ಐದಾರು ವರ್ಷ ಅವರು ತಮ್ಮ ಮುಖವನ್ನೇ ಬರೆಯುತ್ತಾ ಹೋದರು. ಒಂದೊಂದು ಚಿತ್ರಕ್ಕೂ ಕಣ್ಣು ಮೂಗುಗಳ ಜಾಗ ತಪ್ಪುತ್ತಾ, ಕೊನೆಗೆ ಮುಖವೆಂದು ಗುರುತಿಸುವುದೇ ಕಷ್ಟವಾಗುತ್ತದೆ. ನೋಡಲು ಸಂಕಟವಾಗುತ್ತದೆ. ಆದರೆ ಬರೆಯುತ್ತಿದ್ದ ಕೈ ಚಿತ್ರಕಾರನದೇ. ಕುಂಚ ಹಿಡಿಯದಂತೆ ಅವರನ್ನು ಯಾರೂ ತಡೆಯಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಿಮ್ಮ ಯಜಮಾನರಿಂದ ಕಾಯಿಲೆ ಕಿತ್ತುಕೊಂಡದ್ದು ದಿಕ್ಕು ಮತ್ತು ಅಳತೆ. ಭಜನೆಯನ್ನು ಕಿತ್ತುಕೊಂಡದ್ದು ನೀವು. ಎಷ್ಟೋ ವರ್ಷ ಕೂತೆದ್ದ ಜಾಗ, ಹಾಡಿ ಹಾಡಿ ಮೈಗಂಟಿದ ತಾಳ. ಹೆಸರುಗಳು ಹೋದ ಮೇಲೂ ಇಂಥವು ಬಹುಕಾಲ ಉಳಿಯುತ್ತವೆ. ಈ ಶನಿವಾರವೇ ಕಳಿಸಿ. ಜೊತೆಯವರೊಬ್ಬರಿಗೆ ಮೊದಲೇ ವಿಷಯ ತಿಳಿಸಿ, ಅವರೇ ಕರೆದುಕೊಂಡು ಹೋಗಿ ಕರೆತರಲಿ. ಎಡವಟ್ಟಾದರೆ ಆಗಲಿ, ಭಜನೆಯಲ್ಲಿ ಶ್ರುತಿ ತಪ್ಪದವರು ಯಾರಿದ್ದಾರೆ! ಇನ್ನೊಂದು, ಬಂದವರೆದುರು ನಿಲ್ಲಿಸಿ ‘ಇವರು ಯಾರು ಹೇಳಿ ನೋಡೋಣ’ ಎಂದು ಪರೀಕ್ಷೆ ಮಾಡುವುದನ್ನು ಮನೆಯವರೆಲ್ಲ ಬಿಡಬೇಕು. ‘ನಿಮ್ಮ ಚಿಕ್ಕಮ್ಮನ ಮಗ ಬಂದಿದ್ದಾನೆ’ ಎಂದು ನೀವೇ ಹೇಳಿಬಿಟ್ಟರೆ ಅವರ ಮುಖ ಉಳಿಯುತ್ತದೆ.

ನೀವು ಯಾರ ಹೆಂಡತಿ ಎಂಬುದಕ್ಕೆ ನನ್ನ ಹತ್ತಿರ ಅಷ್ಟು ಸಲೀಸಾದ ಉತ್ತರವಿಲ್ಲ. ಸತ್ತವರಿಗಾದರೆ ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ಅಳುವುದಕ್ಕೂ ಮುಗಿಸುವುದಕ್ಕೂ ಲೆಕ್ಕವಿದೆ. ಎದುರಿಗೆ ಕೂತು ಕಾಫಿ ಕುಡಿಯುತ್ತಿರುವವರಿಗಾಗಿ ಅಳುವುದಕ್ಕೆ ನಮ್ಮಲ್ಲಿ ಯಾವ ವಿಧಿಯೂ ಇಲ್ಲ. ಅಮೆರಿಕದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ ಇಂಥ ದುಃಖದ ಬಗ್ಗೆಯೇ ದಶಕಗಳ ಕಾಲ ಕೆಲಸ ಮಾಡಿದವರು. ಇದ್ದಾರೆ, ಇಲ್ಲ ಎಂಬ ಎರಡನ್ನೂ ಒಟ್ಟಿಗೇ ಹೊತ್ತು ನಡೆಯುವುದು ಬಿಟ್ಟರೆ ದಾರಿಯಿಲ್ಲ ಎಂಬುದು ಅವರ ಅಭಿಪ್ರಾಯ. ಪಕ್ಕದಲ್ಲಿ ಮಲಗಲು ಮನಸ್ಸು ಒಪ್ಪದಿದ್ದರೆ ಹಾಸಿಗೆ ಬೇರೆ ಮಾಡಿಕೊಳ್ಳಿ, ಅದು ದ್ರೋಹವಲ್ಲ. ಆದರೆ ಅವರನ್ನು ಮಗು ಎನ್ನಬೇಡಿ. ಮಗು ಕಲಿಯುತ್ತಾ ಹೋಗುತ್ತದೆ, ಅವರು ಕಲಿತದ್ದನ್ನು ಬಿಟ್ಟುಕೊಡುತ್ತಿರುವವರು, ಅದರ ಅವಮಾನ ಗೊತ್ತಾಗುವವರು. ನಿಮ್ಮ ಅಂಗನವಾಡಿ ಕೆಲಸವನ್ನು ಮಾತ್ರ ಯಾರು ಹೇಳಿದರೂ ಬಿಡಬೇಡಿ. ಸಂಬಳಕ್ಕಾಗಿಯಷ್ಟೇ ಅಲ್ಲ, ಆ ನಾಲ್ಕಾರು ಗಂಟೆ ನೀವು ಯಾರ ಹೆಂಡತಿಯೂ ಆಗಿರಬೇಕಿಲ್ಲ. ಆ ಹೊತ್ತು ಅತ್ತೆ ಮಗನ ಜೊತೆಗಿರಲಿ, ಮುಖ ನೋಡುವುದು ಬಿಟ್ಟು ಅವರಿಗೂ ಒಂದು ಕೆಲಸವಾಗುತ್ತದೆ. ರಾತ್ರಿ ತೀರಾ ತಡೆಯಲಾಗದಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನಿಗೂ ಆ ನಂಬರು ಕೊಡಿ.

ಮತ್ತೆ ಬರೆಯಿರಿ. ಮುಂದಿನ ಕಾಗದ ಬರೆಯುವಾಗ ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು, ನನ್ನನ್ನು ಏನು ಕೇಳಬೇಕೆಂದು ಅವರನ್ನೇ ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸಿ. ಮಾತು ಅರ್ಧಕ್ಕೆ ನಿಂತರೂ ಪರವಾಗಿಲ್ಲ. ಅದಕ್ಕೆ ಅವರ ಹೆಸರಿಗೇ ಉತ್ತರ ಬರೆಯುತ್ತೇನೆ.