ನೆಲ ಒದ್ದೆಯಾದರೆ ಒರೆಸಿ, ಮರಿಗೆ ಹೊಡೆಯಬೇಡಿ

ಎಂಟು ವಾರ ತುಂಬದ ನಾಯಿಮರಿಯನ್ನು ಮಾರುವಂತಿಲ್ಲ. ನಾಯಿ ತಳಿ ಸಾಕಣೆ ಮತ್ತು ಮಾರಾಟಕ್ಕೆ 2017ರಲ್ಲಿ ಬಂದ ಕೇಂದ್ರದ ನಿಯಮಗಳು ಹೇಳುವ ಮಾತಿದು. ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಮರಿಗೆ ಲಸಿಕೆ ಮತ್ತು ಮೈಕ್ರೋಚಿಪ್ ಹಾಕಿಸಿರಬೇಕು. ನೋಂದಣಿ ಪತ್ರ ನೋಡಿ, ಲಸಿಕೆ ಪುಸ್ತಕ ಮತ್ತು ರಸೀದಿಯನ್ನು ಕೇಳಿ ಪಡೆಯಿರಿ. ರೋಗ ಮುಚ್ಚಿಟ್ಟು ಮಾರಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಆದರೆ ರಸೀದಿ ಇಲ್ಲದೆ ಹೋದವರಿಗೆ ಕೊಂಡದ್ದನ್ನು ಸಾಬೀತು ಮಾಡುವುದೇ ಕಷ್ಟ.

ಮರಿ ಮನೆಗೆ ಬಂದ ಮೊದಲ ವಾರವೇ ಜಗಳ ಶುರುವಾಗುವುದು ಉಚ್ಚೆಯ ವಿಷಯಕ್ಕೆ. ಎರಡು ತಿಂಗಳ ಮರಿ ಹಗಲಲ್ಲಿ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಅದು ಹಟವಲ್ಲ, ಮೂತ್ರಕೋಶ ಇನ್ನೂ ಬಲಿತಿರುವುದಿಲ್ಲ. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಟ ನಿಲ್ಲಿಸಿ ನೆಲ ಮೂಸುತ್ತಾ ಸುತ್ತತೊಡಗಿದಾಗ ಪ್ರತಿ ಸಲವೂ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಮಾಡಿದ ತಕ್ಷಣ ಹೊಗಳಿ, ಒಂದು ಚೂರು ತಿಂಡಿ ಕೊಡಿ. ಲಸಿಕೆಗಳ ಸರಣಿ ಮುಗಿಯುವವರೆಗೆ ಬೇರೆ ನಾಯಿಗಳು ಓಡಾಡುವ ಬೀದಿಗೆ ಇಳಿಸಬಾರದು, ಪಾರ್ವೋ ವೈರಸ್ ಮರಿಗಳ ಜೀವ ತೆಗೆಯುತ್ತದೆ. ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಹಾಸಿದ ಹಳೆಯ ಪತ್ರಿಕೆಯೇ ಸಾಕು. ರೇಬೀಸ್ ಲಸಿಕೆಯನ್ನು ಮೂರು ತಿಂಗಳಿಗೆ ಹಾಕಿಸಿ. ಸಾಕುನಾಯಿಯ ಲಸಿಕೆ, ಜಂತುಹುಳು ಔಷಧಿ, ಸಂತಾನಹರಣ ಚಿಕಿತ್ಸೆ ಮಾಲೀಕರ ಹೊಣೆಯೆಂದು 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸ್ಪಷ್ಟವಾಗಿ ಹೇಳಿವೆ.

ಒದ್ದೆ ಮಾಡಿದ ಜಾಗಕ್ಕೆ ಮರಿಯ ಮೂತಿ ತಿಕ್ಕುವುದು, ಚಪ್ಪಲಿಯಲ್ಲಿ ಬಾರಿಸುವುದು ನಮ್ಮಲ್ಲಿ ಇನ್ನೂ ನಡೆದೇ ಇದೆ. ಇದರಿಂದ ಮರಿ ಕಲಿಯುವುದು ಮಂಚದ ಕೆಳಗೆ ಅಡಗಿ ಮಾಡುವುದನ್ನು ಮಾತ್ರ. ಕಾನೂನೂ ಇದನ್ನು ಒಪ್ಪುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ನೋವಾಗುವಂತೆ ಹೊಡೆಯುವುದು, ಒದೆಯುವುದು ಅಪರಾಧ. ತೀರ ಗಿಡ್ಡ ಸರಪಳಿಯಲ್ಲಿ ಗಂಟೆಗಟ್ಟಲೆ ಕಟ್ಟಿಹಾಕುವುದು, ಸದಾ ಕಟ್ಟಿಟ್ಟ ನಾಯಿಯನ್ನು ಓಡಾಡಿಸದಿರುವುದು, ಸಾಕಷ್ಟು ಅನ್ನ ನೀರು ಕೊಡದಿರುವುದು, ಹಸಿದು ನರಳುವ ಸ್ಥಿತಿಯಲ್ಲಿ ಬಿಟ್ಟು ಹೋಗುವುದು ಕೂಡ ಅಪರಾಧವೇ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ದಶಕಗಳ ಹಿಂದಿನ ಈ ಮೊತ್ತ ಯಾರ ಕೈಯನ್ನೂ ತಡೆಯದು, ಸಂಸತ್ತು ಇದನ್ನು ಬೇಗ ಏರಿಸಬೇಕು. ಕೊಂದರೆ ಅಥವಾ ಅಂಗ ಊನ ಮಾಡಿದರೆ ಮಾತು ಬೇರೆ: ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು.

ಇನ್ನು ಅಪಾರ್ಟ್‌ಮೆಂಟ್ ಸಂಘಗಳ ವಿಷಯ. ಬಹುಮತದ ಠರಾವು ಮಾಡಿಯೂ ಸಂಘ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ತಿಳಿಸಿದೆ. ಕೇರಳ ಹೈಕೋರ್ಟ್ ಕೂಡ 2021ರಲ್ಲಿ ಇಂಥ ನಿಷೇಧವನ್ನು ಕಾನೂನುಬಾಹಿರವೆಂದಿತು. ನೋಟಿಸ್ ಬಂದರೆ ಬಾಯಿಮಾತಿನ ವಾದಕ್ಕೆ ಇಳಿಯದೆ, ಮಾರ್ಗಸೂಚಿಯ ಪ್ರತಿ ಮತ್ತು ಲಸಿಕೆ ಪುಸ್ತಕದ ನಕಲು ಲಗತ್ತಿಸಿ ಲಿಖಿತ ಉತ್ತರ ಕೊಡಿ, ಸ್ವೀಕೃತಿ ಪಡೆಯಿರಿ. ಬಾಡಿಗೆದಾರರು ಕರಾರುಪತ್ರದ ಷರತ್ತನ್ನು ಮೊದಲೇ ಓದಿ, ಮಾಲೀಕರ ಒಪ್ಪಿಗೆಯನ್ನು ಬರೆಸಿಕೊಳ್ಳುವುದು ಕ್ಷೇಮ.

ನೆರೆಯವರಿಗೂ ಹಕ್ಕುಗಳಿವೆ. ಮೆಟ್ಟಿಲ ಮೇಲೆ, ಮಕ್ಕಳು ಆಡುವ ಜಾಗದಲ್ಲಿ ಮರಿ ಮಾಡಿದ್ದನ್ನು ಸಾಕಿದವರೇ ಆ ಕ್ಷಣಕ್ಕೆ ತೆಗೆಯಬೇಕು. ಹೊರಗೆ ಹಗ್ಗ ಬಿಚ್ಚಬಾರದು. ನಿಮ್ಮ ನಿರ್ಲಕ್ಷ್ಯದಿಂದ ನಾಯಿ ಜನರಿಗೆ ಅಪಾಯ ತಂದರೆ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ನಾಯಿ ಪರವಾನಗಿಯ ಬಗ್ಗೆ ನಿಮ್ಮ ಪಾಲಿಕೆ ಅಥವಾ ಪುರಸಭೆಯಲ್ಲಿ ವಿಚಾರಿಸಿ.

ಪಕ್ಕದ ಮನೆಯಲ್ಲಿ ಮರಿಯೊಂದು ದಿನವೂ ಏಟು ತಿನ್ನುತ್ತಿದ್ದರೆ ಫೋಟೊ ಅಥವಾ ವಿಡಿಯೊ ತೆಗೆದಿಟ್ಟುಕೊಳ್ಳಿ. ಸಾಧ್ಯವಾದರೆ ಪಶುವೈದ್ಯರಿಂದ ಗಾಯದ ಪ್ರಮಾಣಪತ್ರ ಪಡೆದು ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ತಡ ಮಾಡಬೇಡಿ: 1960ರ ಕಾಯ್ದೆಯಡಿ ಮೊಕದ್ದಮೆ ಹೂಡಲು ಕೃತ್ಯ ನಡೆದ ದಿನದಿಂದ ಮೂರೇ ತಿಂಗಳ ಅವಕಾಶ.